ಗಂಡಭೇರುಂಡದ ಜಾಡು ಹಿಡಿದು: ಕಲ್ಪನಾ ಪ್ರಾಣಿಗಳ ಮನೆಸಂಗ್ರಹ

ಗಂಡಭೇರುಂಡ, ಶರಭ, ಯಾಳಿ, ಮಕರ, ಕಾಮಧೇನು. ಯಾವ ಕಾಡಿನಲ್ಲೂ ಹುಟ್ಟದ ಈ ಪ್ರಾಣಿಗಳು ಕನ್ನಡ ನಾಡಿನ ಗುಡಿಗಂಬ, ನಾಣ್ಯ, ಛಾಪಾಕಾಗದ, ಗೊಂಬೆಗಳಲ್ಲಿ ನೆಲೆಸಿವೆ. ಇವುಗಳ ರೂಪವಿರುವ ವಸ್ತುಗಳನ್ನು ಯಾರು ಬೇಕಾದರೂ ಕೂಡಿಡಬಹುದು. ಮೊದಲಿಗೆ ಒಂದೇ ಪ್ರಾಣಿಯನ್ನು ಆರಿಸಿಕೊಳ್ಳುವುದು ಮೇಲು. ಸಿಕ್ಕಿದ್ದನ್ನೆಲ್ಲ ತಂದರೆ ಕಪಾಟು ತುಂಬುತ್ತದೆಯೇ ಹೊರತು ತಿಳಿವಳಿಕೆ ಬೆಳೆಯುವುದಿಲ್ಲ.

ಎರಡು ತಲೆಯ ಹಕ್ಕಿ

ಆರಂಭಕ್ಕೆ ಗಂಡಭೇರುಂಡದಷ್ಟು ಒಳ್ಳೆಯ ವಸ್ತು ಬೇರಿಲ್ಲ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಕಂಬದ ತುದಿಯಲ್ಲಿ ಅದಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಸುಮಾರು ಐದು ಶತಮಾನ ಕಳೆದು ವಿಜಯನಗರದ ಅಚ್ಯುತರಾಯನ (1529–1542) ಚಿನ್ನದ ನಾಣ್ಯಗಳಿಗೆ ಬರುವಾಗ ಅದು ಪೂರ್ತಿ ಹಕ್ಕಿ; ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳು! ಮುಂದೆ ಮೈಸೂರು ಒಡೆಯರ ಲಾಂಛನವಾಯಿತು. ಇಂದು ಕರ್ನಾಟಕ ಸರ್ಕಾರದ ಲಾಂಛನದ ನಡುವೆ ಇರುವುದೂ ಅದೇ. ಅದರ ಇಕ್ಕೆಲಗಳಲ್ಲಿ ಆನೆಯ ತಲೆ, ಸಿಂಹದ ಮೈಯ ಶರಭಗಳಿವೆ. ಮೈಸೂರು ಸ್ಯಾಂಡಲ್ ಸಾಬೂನಿನ ಗುರುತೂ ಶರಭವೇ.

ಹೀಗಾಗಿ ಹಳೆಯ ಸಾಬೂನಿನ ಪೆಟ್ಟಿಗೆ, ಅಜ್ಜನ ಕಾಲದ ಮೈಸೂರು ಸಂಸ್ಥಾನದ ಛಾಪಾಕಾಗದ ನಿಮ್ಮ ಸಂಗ್ರಹದ ಮೊದಲ ವಸ್ತುಗಳಾಗಬಹುದು. ಅಟ್ಟದ ಮೇಲಿನ ಟ್ರಂಕನ್ನು ಒಮ್ಮೆ ಇಳಿಸಿ ನೋಡಿ.

ಕೊಳ್ಳುವುದಾದರೆ

ಕೊಪ್ಪಳ ಜಿಲ್ಲೆಯ ಕಿನ್ನಾಳಕ್ಕೇ ಹೋಗಿ. ಅಲ್ಲಿನ ಚಿತ್ರಗಾರರು ಹಗುರವಾದ ಮರವನ್ನು ಕೆತ್ತಿ, ಹುಣಸೆಬೀಜದ ಅಂಟಿನಿಂದ ಭಾಗಗಳನ್ನು ಜೋಡಿಸಿ, ಹೊಳೆಯುವ ಬಣ್ಣ ಕೊಡುತ್ತಾರೆ. ಅವರ ಗರುಡ, ಕಾಮಧೇನುಗಳು ಯಾವ ಸಂಗ್ರಹಕ್ಕೂ ಶೋಭೆ. ಮಾಡಿದವರ ಕೈಯಿಂದಲೇ ಕೊಂಡರೆ ಹಣ ಅವರಿಗೇ ಸೇರುತ್ತದೆ, ಕೆಲಸದ ವಿವರವೂ ಸಿಗುತ್ತದೆ.

ಹಳೆಯ ನಾಣ್ಯಗಳಲ್ಲಿ ನಕಲಿ ಹೇರಳ. ತೂಕ, ಅಂಚು, ಅಕ್ಷರಗಳನ್ನು ಬಲ್ಲವರಿಗೆ ತೋರಿಸದೆ ದುಡ್ಡು ಕೊಡಬೇಡಿ.

ಕಾನೂನು

1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ಚಿತ್ರಗಳಂಥ ವಸ್ತುಗಳನ್ನು ನೋಂದಾಯಿಸಬೇಕು; ಖಾಸಗಿಯವರು ಅವನ್ನು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಪಾಳುಗುಡಿಯಿಂದ ಒಂದು ತುಂಡು ಕಲ್ಲನ್ನೂ ತರಬಾರದು. ಕಾನೂನು ಇರಲಿ ಬಿಡಲಿ, ಅದು ಊರಿನ ಸೊತ್ತು. ಅಂಥದ್ದರ ಫೋಟೊ ಸಾಕು.

ಕಾಪಾಡುವುದು

ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ. ಒಮ್ಮೆ ಅಂಟಿದರೆ ಬಿಡಿಸಲಾಗದು. ಗುಂಡುಪಿನ್ನು ತುಕ್ಕು ಹಿಡಿದು ಕಲೆ ಮಾಡುತ್ತದೆ, ತೆಗೆದುಬಿಡಿ. ನಾಣ್ಯವನ್ನು ಹುಣಸೆಹಣ್ಣು ಹಾಕಿ ಉಜ್ಜಿದರೆ ಅದರ ಹಳೆಯ ಮೈಬಣ್ಣವೂ ಬೆಲೆಯೂ ಒಟ್ಟಿಗೆ ಹೋಗುತ್ತವೆ. ಮರದ ಗೊಂಬೆಗೆ ಬಿಸಿಲೂ ತೇವವೂ ಆಗದು.

ಪ್ರತಿ ವಸ್ತು ಮನೆಗೆ ಬಂದ ದಿನವೇ ಒಂದು ನೋಟ್‌ಬುಕ್ಕಿನಲ್ಲಿ ಅದು ಎಲ್ಲಿ ಸಿಕ್ಕಿತು, ಯಾರು ಮಾಡಿದರು, ಎಷ್ಟು ಕೊಟ್ಟಿರಿ, ಪ್ರಾಣಿಯ ಮುಖ ಯಾವ ಕಡೆಗಿದೆ, ಆನೆ ಎಷ್ಟಿವೆ ಎಂದು ಬರೆದಿಡಿ. ಹತ್ತಾರು ವಸ್ತು ಸೇರಿದ ಮೇಲೆ ಆ ಪುಟಗಳನ್ನು ಹೋಲಿಸಿ ನೋಡಿದರೆ, ಕಾಲದಿಂದ ಕಾಲಕ್ಕೆ ಹಕ್ಕಿ ಹೇಗೆ ಬದಲಾಯಿತೆಂದು ನೀವೇ ಕಂಡುಕೊಳ್ಳಬಹುದು.