ಮಹಾರವಾಡ ಎಂಬ ಗುಹೆ

ಬಾದಾಮಿಗೆ ಹೋಗಲಿ, ಎಲ್ಲೋರಕ್ಕೆ ಹೋಗಲಿ, ಕಿವಿಗೆ ಬೀಳೋದು ಒಂದೇ ಮಾತು. ಬೌದ್ಧ, ಜೈನ, ವೈದಿಕ ಎಲ್ಲ ಒಂದೇ ಬಂಡೆಯ ಆಸರೆಯಲ್ಲಿ ಅಕ್ಕಪಕ್ಕ ಇದ್ದಾರೆ, ನೋಡಿ ನಮ್ಮ ಹಿಂದಿನವರ ಸಹಿಷ್ಣುತೆ ಎಷ್ಟು ದೊಡ್ಡದು ಅಂತ. ಗೈಡೂ ಇದನ್ನೇ ಹೇಳುತ್ತಾನೆ, ಪಠ್ಯಪುಸ್ತಕವೂ ಇದನ್ನೇ ಹೇಳುತ್ತದೆ. ಈ ಮಾತು ಸುಳ್ಳೆಂದು ನಾನು ಅನ್ನುವುದಿಲ್ಲ. ಆದರೆ ದೇವರುಗಳು ಅಕ್ಕಪಕ್ಕ ಕೂತ ಮಾತ್ರಕ್ಕೆ ಮನುಷ್ಯರೂ ಹಾಗೇ ಕೂತರು ಅಂತ ಆಗುವುದಿಲ್ಲ. ಈ ಕಲ್ಲಿನ ಮನೆಗಳಲ್ಲಿ ಉಂಡವರು ಯಾರು, ಕಡಿದವರು ಎಲ್ಲಿ ಹೋದರು ಅನ್ನೋದು ಹೊಲಗೇರಿಯಿಂದ ಬಂದ ನನ್ನಂಥವನಿಗೆ ಮೊದಲು ಹುಟ್ಟುವ ಪ್ರಶ್ನೆ.

ಉಂಡವರ ಲೆಕ್ಕ ಬಾದಾಮಿಯ ಮೂರನೇ ಗುಹೆಯ ಶಾಸನದಲ್ಲೇ ಇದೆ. ಶಕವರ್ಷ 500, ಅಂದರೆ ಕ್ರಿ.ಶ. 578ರ ಕಾರ್ತಿಕ ಹುಣ್ಣಿಮೆಯಂದು ಚಾಲುಕ್ಯರ ಮಂಗಳೇಶ ಇಲ್ಲಿ ವಿಷ್ಣುವನ್ನು ನಿಲ್ಲಿಸಿ, ಪುಣ್ಯವನ್ನು ಅಣ್ಣ ಕೀರ್ತಿವರ್ಮನಿಗೆ ಒಪ್ಪಿಸಿದ. ಒಂದು ಊರನ್ನೇ ದತ್ತಿ ಬಿಟ್ಟ. ಆ ಊರಿನ ಹುಟ್ಟುವಳಿಯಲ್ಲಿ ನಾರಾಯಣಬಲಿ ನಡೀಬೇಕು, ದಿನಾ 16 ಮಂದಿ ಬ್ರಾಹ್ಮಣರಿಗೆ ಊಟ ಆಗಬೇಕು, ಮಿಕ್ಕದ್ದು ಪರಿವ್ರಾಜಕರಿಗೆ. ಅಲ್ಲಿಯ ಕನ್ನಡ ಶಾಸನ ಗುಹೆಯನ್ನು ‘ಕಲ್ಮನೆ’ ಎಂದು ಚೆಂದಾಗಿ ಕರೆಯುತ್ತದೆ. ಹೂ ಕಟ್ಟುವ ಮಾಲೆಗಾರರಿಗೆ ಅರ್ಧ ವೀಸದ ಪಾಲನ್ನೂ ಹೇಳುತ್ತದೆ. ಆ ಊರಲ್ಲಿ ಉತ್ತು ಬೆಳೆದವರ ಸುದ್ದಿ ಇಲ್ಲ, ಕಲ್ಲು ಕಡಿದವರ ಸುದ್ದಿಯೂ ಇಲ್ಲ.

ಕಡಿದವರು ಮಾತ್ರ ಸುಮ್ಮನಿರಲಿಲ್ಲ. ಕೋಳಿಮಂಚಿ, ಸಿಂಗಮಂಚಿ ಅನ್ನುವಂಥ ಹೆಸರುಗಳು ಬಾದಾಮಿಯ ಬಂಡೆಯ ಮೇಲಿವೆ. ಬಿರುದಿಲ್ಲ, ವಂಶಾವಳಿ ಇಲ್ಲ, ಬರೀ ಹೆಸರು. ಹೆಸರು ನೋಡಿ ಜಾತಿ ಹೇಳಲಾಗದು; ಇವರು ನಮ್ಮವರೇ ಅಂತ ಎಳೆದುಕೊಳ್ಳುವ ಆತುರವೂ ನನಗಿಲ್ಲ. ರಾಜನ ಶಾಸನ ಬಿಟ್ಟದ್ದನ್ನು ಉಳಿಯೇ ತುಂಬಿಕೊಂಡಿತು, ಅಷ್ಟೆ.

ಬಾದಾಮಿಯಲ್ಲಿ ಹೆಸರಾದರೂ ಉಂಟು. ಎಲ್ಲೋರದ ಕೈಲಾಸದಲ್ಲಿ ಅದೂ ಇಲ್ಲ. ಅಲ್ಲಿರುವ 34 ಗುಹೆಗಳಲ್ಲಿ 12 ಬೌದ್ಧರದು, 17 ವೈದಿಕರದು, 5 ಜೈನರದು. ಹದಿನಾರನೆಯದಾದ ಕೈಲಾಸವನ್ನು 8ನೇ ಶತಮಾನದಲ್ಲಿ ಮಾಡಿಸಿದವನು ರಾಷ್ಟ್ರಕೂಟರ ಒಂದನೇ ಕೃಷ್ಣ. ಬರೋಡದಲ್ಲಿ ಸಿಕ್ಕ ಕರ್ಕರಾಜನ ತಾಮ್ರಪಟ, ಇದನ್ನು ಮಾಡಿದ ಶಿಲ್ಪಿಯೇ ತನ್ನ ಕೆಲಸ ನೋಡಿ ಬೆರಗಾದ ಅನ್ನುತ್ತದೆ. ಬೆರಗು ದಾಖಲಾಯಿತು, ಬೆರಗಾದವನ ಹೆಸರು ದಾಖಲಾಗಲಿಲ್ಲ.

ಕೈಲಾಸದ ಮುಂದೆ ಜನಜಾತ್ರೆ. ಅಲ್ಲಿಂದ ದಕ್ಷಿಣಕ್ಕೆ ನಡೆದರೆ ಐದನೇ ಗುಹೆ, ಬೌದ್ಧರ ವಿಹಾರ. ಸುಮಾರು 117 ಅಡಿ ಉದ್ದದ ಹಜಾರ, ಎರಡು ಸಾಲು ಕಂಬ, ಪಕ್ಕಗಳಲ್ಲಿ ಭಿಕ್ಷುಗಳ ಕೋಣೆ, ಕೊನೆಗೆ ಬುದ್ಧ. ನಡುವೆ ಉದ್ದಕ್ಕೂ ಬಂಡೆಯಲ್ಲೇ ಕಡಿದ ಎರಡು ತಗ್ಗು ಜಗಲಿ. ಭಿಕ್ಷುಗಳು ಸಾಲಾಗಿ ಕೂತು ಉಣ್ಣುವುದಕ್ಕೋ ಪಾಠ ಹೇಳುವುದಕ್ಕೋ ಇದ್ದವು ಎನ್ನುತ್ತಾರೆ. ಈ ಗುಹೆಗೆ ಜನ ಇಟ್ಟ ಹೆಸರು ಮಹಾರವಾಡ. ನಮ್ಮ ಕಡೆ ಮಾತಲ್ಲಿ ಹೊಲಗೇರಿ! 19ನೇ ಶತಮಾನದಲ್ಲಿ ಬರ್ಜೆಸ್ ಈ ಗುಹೆಗಳ ಬಗ್ಗೆ ಬರೆಯುವಾಗಲೇ ಈ ಹೆಸರಿತ್ತು. ಮಳೆಗಾಲದಲ್ಲಿ ಮಹಾರರು ಇಲ್ಲಿ ಬಂದು ಇರುತ್ತಿದ್ದರು, ಅದಕ್ಕೇ ಈ ಹೆಸರು ಅಂತಾರೆ. ಮಳೆಗಾಲ ಕಳೆಯೋದಕ್ಕೆ ಒಂದು ಕಡೆ ನೆಲೆ ನಿಲ್ಲುವುದು ಬೌದ್ಧ ಭಿಕ್ಷುಗಳದೂ ನೇಮ. ಅದನ್ನೇ ವರ್ಷಾವಾಸ ಎನ್ನುವುದು. ಭಿಕ್ಷುಗಳು ಹೋದರು, ಪೂಜೆ ನಿಂತಿತು. ಪೂಜೆ ನಿಂತದ್ದರಿಂದಲೇ ಮೈಲಿಗೆ ಅನ್ನುವವರೂ ಇಲ್ಲದೆ ಬಾಗಿಲು ತೆರೆಯಿತು ಎಂದು ನನಗೆ ತೋರುತ್ತದೆ.

1934ರಲ್ಲಿ ಅಂಬೇಡ್ಕರ್ ಸುಮಾರು ಮೂವತ್ತು ಸಂಗಾತಿಗಳ ಜೊತೆ ಈ ಬೌದ್ಧ ಗುಹೆಗಳನ್ನು ನೋಡಲು ಹೊರಟರು. ದಾರಿಯಲ್ಲಿ ದೌಲತಾಬಾದ್ ಕೋಟೆ. ಬಾಗಿಲ ಬಳಿಯ ಕೊಳದಲ್ಲಿ ಧೂಳು ಹಿಡಿದ ಕೈಕಾಲು ತೊಳೆದರು. ಧೇಡರು ಕೊಳ ಕೆಡಿಸಿದರು ಅಂತ ಒಬ್ಬ ಮುಸ್ಲಿಂ ಮುದುಕ ಕೂಗುತ್ತಾ ಬಂದ, ಜನ ಸೇರಿ ಬೈದರು. ಕೊನೆಗೆ, ಒಳಗೆಲ್ಲೂ ನೀರು ಮುಟ್ಟದಂತೆ ಕಾಯಲು ಹತಾರದ ಸಿಪಾಯಿಯೊಬ್ಬನನ್ನು ಜೊತೆ ಮಾಡಿ ಬಿಟ್ಟರು. ಅಸ್ಪೃಶ್ಯತೆ ಹಿಂದೂಗಳಲ್ಲೇ ನಿಂತಿಲ್ಲ ಅನ್ನೋದಕ್ಕೆ ಅವರೇ ಇದನ್ನು ಬರೆದಿಟ್ಟಿದ್ದಾರೆ. ಮಹಾರರ ಹೆಸರು ಹೊತ್ತ ಗುಹೆ ಇರುವ ಕಡೆಗೆ ಹೊರಟ ಮಹಾರರಿಗೆ ದಾರಿಯ ನೀರು ಮುಟ್ಟುವಂತಿರಲಿಲ್ಲ.

ಅಸ್ಪೃಶ್ಯರು ಮೂಲದಲ್ಲಿ ಬೌದ್ಧರು ಎಂದು ಅಂಬೇಡ್ಕರ್ 1948ರಲ್ಲಿ ವಾದಿಸಿದರು. 1956ರಲ್ಲಿ ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧರಾದರು. ಮಹಾರವಾಡ ಅನ್ನುವ ಒಂದು ಹೆಸರಿನಿಂದ ಆ ವಾದ ಸಾಬೀತಾಗುವುದಿಲ್ಲ. ಆದರೆ ಶಾಸನ ಬರೆಸುವ ಗತಿ ಇಲ್ಲದವರ ಇರವಿಗೆ ಇಂಥ ಹೆಸರುಗಳೇ ಸಾಕ್ಷಿ. ಹದಿನಾರು ಎಲೆಯ ಲೆಕ್ಕವನ್ನು ದಾಖಲೆ ಅನ್ನುವ ಇತಿಹಾಸ, ಕೇರಿಯ ಹೆಸರನ್ನು ಬರೀ ಆಡುಮಾತು ಅಂತ ಅಡಿಟಿಪ್ಪಣಿಗೆ ತಳ್ಳುತ್ತದೆ. ಅದನ್ನು ಅಲ್ಲಿಂದ ಮೇಲಕ್ಕೆ ತರೋದು ದಲಿತ ವಿಮರ್ಶೆಯ ಕೆಲಸ. ನಮ್ಮ ಊರುಗಳ ಗುಹೆ, ಬಂಡೆ, ಕೊಳಗಳಿಗೆ ಕೇರಿಯ ಹಿರಿಯರು ಯಾವ ಹೆಸರು ಹೇಳ್ತಾರೆ, ಕೇಳಿ ಬರೆದುಕೊಳ್ಳಬೇಕು. ಗೈಡಿನ ಮಾತು ಆಮೇಲೆ ಕೇಳಿದರಾಯಿತು.