ಕಣ್ಣಾಸ್ಪತ್ರೆ ಬೋರ್ಡಲ್ಲಿ ಐದಾರು ಡಾಕ್ಟರ ಹೆಸರು: ಯಾವ ತೊಂದರೆಗೆ ಯಾರನ್ನು ನೋಡಬೇಕು? ಇಲ್ಲಿದೆ ಮಾಹಿತಿ

ಮಂಡ್ಯ: ವಯಸ್ಸಾದವರಿಗೆ ಕಣ್ಣು ಮಂಜಾದರೆ ಮನೆಯವರು ಹೇಳೋ ಮಾತು ಒಂದೇ: 'ಪೊರೆ ಬಂದಿರಬೇಕು, ಸುಗ್ಗಿ ಮುಗೀಲಿ, ಆಮೇಲೆ ತೆಗೆಸಿದ್ರಾಯ್ತು.' ನಿಜವಾಗಲೂ ಪೊರೆಯೇ ಆಗಿದ್ದರೆ ನಾಲ್ಕು ತಿಂಗಳು ತಡವಾದರೂ ಸಾಮಾನ್ಯವಾಗಿ ದೃಷ್ಟಿ ವಾಪಸ್ ಬರುತ್ತೆ. ಆದರೆ ತೊಂದರೆ ಇರೋದು ಕಣ್ಣಿನ ಹಿಂದಿನ ಪರದೆಯಲ್ಲೋ ನರದಲ್ಲೋ ಆಗಿದ್ದರೆ, ಕಾದಷ್ಟೂ ನಷ್ಟ. ನರ ಹಾಳಾಗಿ ಹೋದ ದೃಷ್ಟಿಯನ್ನು ಯಾವ ಆಪರೇಷನ್ ಕೂಡ ವಾಪಸ್ ತರಲ್ಲ.

ಖಾಸಗಿ ಕಣ್ಣಾಸ್ಪತ್ರೆಗಳ ಬೋರ್ಡಿನಲ್ಲಿ ಈಗ ಒಬ್ಬ ಡಾಕ್ಟರ ಬದಲು ಐದಾರು ಹೆಸರು ಇರೋದು ಇದೇ ಕಾರಣಕ್ಕೆ. ಒಬ್ಬರ ಹೆಸರಿನ ಕೆಳಗೆ ರೆಟಿನಾ, ಇನ್ನೊಬ್ಬರದ್ದರ ಕೆಳಗೆ ಗ್ಲುಕೋಮಾ, ಮತ್ತೊಬ್ಬರದ್ದರ ಕೆಳಗೆ ಕಾರ್ನಿಯಾ. ಯಾರು ಏನು ನೋಡ್ತಾರೆ ಅನ್ನೋದು ಗೊತ್ತಿದ್ದರೆ ಓಡಾಟವೂ ಕಡಿಮೆ, ಕಣ್ಣೂ ಉಳಿಯುತ್ತೆ.

ಮೊದಲು ನೋಡೋರು ಯಾರು?

ಒಳಗೆ ಹೋದ ಕೂಡಲೇ ಅಕ್ಷರದ ಚಾರ್ಟ್ ಓದಿಸಿ, ಕನ್ನಡಕದ ಪವರ್ ನೋಡೋರು ಆಪ್ಟೋಮೆಟ್ರಿಸ್ಟ್. ಇವರು ಕಣ್ಣಿನ ಪರೀಕ್ಷೆಯಲ್ಲಿ ತರಬೇತಿ ಪಡೆದವರು, ಆಪರೇಷನ್ ಮಾಡಲ್ಲ. ಕಾಯಿಲೆ ಪತ್ತೆ ಮಾಡಿ ಚಿಕಿತ್ಸೆ ಕೊಡೋರು ನೇತ್ರತಜ್ಞರು. ಇವರು ಎಂಬಿಬಿಎಸ್ ಆದ ಮೇಲೆ ಕಣ್ಣಿನ ವಿಭಾಗದಲ್ಲಿ ಎಂಎಸ್, ಡಿಎನ್‌ಬಿ ಅಥವಾ ಡಿಪ್ಲೊಮಾ ಮಾಡಿರುತ್ತಾರೆ. ಅದಾದ ಮೇಲೆ ರೆಟಿನಾ, ಗ್ಲುಕೋಮಾ ಹೀಗೆ ಒಂದೇ ಭಾಗದಲ್ಲಿ ಹೆಚ್ಚಿನ ತರಬೇತಿ ಪಡೆದಿದ್ದರೆ ಬೋರ್ಡಿನಲ್ಲಿ 'ಫೆಲೋಶಿಪ್' ಅಂತ ಇರುತ್ತೆ.

ಕನ್ನಡಕದ ಅಂಗಡಿಯಲ್ಲಿ ಪವರ್ ಚೆಕ್ ಮಾಡಿಸಿದರೆ ಕಣ್ಣು ಚೆಕ್ ಆಯ್ತು ಅಂತ ಅರ್ಥವಲ್ಲ. ಅಲ್ಲಿ ಕಣ್ಣಿನ ಒತ್ತಡ, ಹಿಂದಿನ ಪರದೆ ನೋಡಿರಲ್ಲ.

ಪೊರೆ

ಪೊರೆ ಆಪರೇಷನ್ ಬಹುತೇಕ ಎಲ್ಲ ಕಣ್ಣಿನ ಸರ್ಜನ್‌ಗಳೂ ಮಾಡ್ತಾರೆ. ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ. ಫೇಕೋದಲ್ಲಿ ಎರಡು-ಮೂರು ಮಿಲಿಮೀಟರ್ ಗಾಯ ಮಾಡಿ, ಅಲ್ಟ್ರಾಸೌಂಡಿನಿಂದ ಪೊರೆ ಪುಡಿ ಮಾಡಿ ತೆಗೆದು, ಮಡಚೋ ಲೆನ್ಸ್ ಹಾಕ್ತಾರೆ. ಎಸ್‌ಐಸಿಎಸ್‌ನಲ್ಲಿ ಗಾಯ ಸ್ವಲ್ಪ ದೊಡ್ಡದು, ಆದರೂ ಸಾಮಾನ್ಯವಾಗಿ ಹೊಲಿಗೆ ಬೇಕಾಗಲ್ಲ. ಚೆನ್ನಾಗಿ ಗಟ್ಟಿಯಾದ ಪೊರೆಗೆ ಇದೂ ಒಳ್ಳೆ ವಿಧಾನವೇ.

ಪೊರೆ ಪೂರ್ತಿ ಹಣ್ಣಾಗಬೇಕು ಅನ್ನೋದು ಹಳೇ ಮಾತು. ಕೆಲಸಕ್ಕೆ, ಓಡಾಟಕ್ಕೆ ತೊಂದರೆ ಆಗ್ತಿದ್ದರೆ ತೆಗೆಸಬಹುದು. ಮಿತಿಮೀರಿ ಬಲಿತರೆ ಕಣ್ಣಲ್ಲಿ ಒತ್ತಡ ಏರೋ ಅಪಾಯವೂ ಇದೆ. ಆಪರೇಷನ್‌ಗೆ ಮೊದಲು ಒಂದು ಪ್ರಶ್ನೆ ಕೇಳಲೇಬೇಕು: 'ರೆಟಿನಾ, ನರ ಎರಡೂ ಚೆನ್ನಾಗಿದ್ಯಾ ಸಾರ್?' ಹಿಂದಿನ ಪರದೆ ಹಾಳಾಗಿದ್ದರೆ ಎಷ್ಟು ದುಬಾರಿ ಲೆನ್ಸ್ ಹಾಕಿಸಿದರೂ ಅಂದುಕೊಂಡಷ್ಟು ಕಾಣಲ್ಲ.

ರೆಟಿನಾ: ಶುಗರ್ ಇರೋರು ಓದಲೇಬೇಕು

ಕ್ಯಾಮೆರಾದಲ್ಲಿ ರೀಲ್ ಇದ್ದ ಹಾಗೆ ಕಣ್ಣಿನ ಹಿಂದೆ ಇರೋ ಪರದೆಯೇ ರೆಟಿನಾ. ಶುಗರ್ ಹೆಚ್ಚಿದ್ದರೆ ಅಲ್ಲಿನ ಸಣ್ಣ ರಕ್ತನಾಳಗಳು ಸೋರುತ್ತವೆ, ಒಡೆಯುತ್ತವೆ. ಶುರುವಿನಲ್ಲಿ ನೋವಿಲ್ಲ, ಮಂಜೂ ಇಲ್ಲ. ಗೊತ್ತಾಗೋ ಹೊತ್ತಿಗೆ ಎಷ್ಟೋ ಸಲ ತಡವಾಗಿರುತ್ತೆ.

ಟೈಪ್ 2 ಶುಗರ್ ಅಂತ ಗೊತ್ತಾದ ಕೂಡಲೇ ಒಂದು ಸಲ, ಆಮೇಲೆ ವರ್ಷಕ್ಕೊಂದು ಸಲ ಪಾಪೆ ಅಗಲ ಮಾಡೋ ಡ್ರಾಪ್ಸ್ ಹಾಕಿಸಿ ರೆಟಿನಾ ಚೆಕ್ ಮಾಡಿಸಬೇಕು. ಚಿಕಿತ್ಸೆ ಅಂದರೆ ಲೇಸರ್, ಕಣ್ಣೊಳಗೆ ಇಂಜೆಕ್ಷನ್, ಕೆಲವರಿಗೆ ಆಪರೇಷನ್. ಇಂಜೆಕ್ಷನ್ ಒಂದಕ್ಕೇ ಮುಗಿಯಲ್ಲ, ಹಲವು ಸಲ ಬೇಕಾಗಬಹುದು. ಖರ್ಚು ಎಷ್ಟಾಗುತ್ತೆ ಅಂತ ಮೊದಲೇ ಕೇಳಿಕೊಳ್ಳೋದು ಒಳ್ಳೇದು.

ಗ್ಲುಕೋಮಾ: ಸದ್ದಿಲ್ಲದ ಕಳ್ಳ

ಕಣ್ಣೊಳಗಿನ ಒತ್ತಡದಿಂದ ನರ ಸವೆಯೋ ಕಾಯಿಲೆ ಇದು. ಒತ್ತಡ ಸಾಮಾನ್ಯವಾಗಿ 10ರಿಂದ 21ರ ಒಳಗಿರುತ್ತೆ. ಆದರೆ ಒತ್ತಡ ಸರಿಯಿದ್ದೂ ಗ್ಲುಕೋಮಾ ಬರಬಹುದು, ಹಾಗಾಗಿ ಡಾಕ್ಟರು ನರವನ್ನೂ ನೋಡಿ, ಫೀಲ್ಡ್ ಟೆಸ್ಟ್ ಮಾಡಿಸ್ತಾರೆ. ಮೊದಲು ಅಕ್ಕಪಕ್ಕದ ನೋಟ ಹೋಗುತ್ತೆ, ನೇರ ನೋಟ ಕೊನೆವರೆಗೂ ಚೆನ್ನಾಗೇ ಇರುತ್ತೆ. ಅದಕ್ಕೇ ಜನ ಮೋಸ ಹೋಗೋದು.

40 ದಾಟಿದವರು, ಅದರಲ್ಲೂ ಅಪ್ಪ, ಅಮ್ಮ, ಅಣ್ಣ, ಅಕ್ಕ ಯಾರಿಗಾದರೂ ಗ್ಲುಕೋಮಾ ಇದ್ದವರು ಪರೀಕ್ಷೆ ಮಾಡಿಸಲೇಬೇಕು. ಡ್ರಾಪ್ಸ್ ಬಹುತೇಕರಿಗೆ ಜೀವನಪೂರ್ತಿ. 'ಚೆನ್ನಾಗೇ ಕಾಣ್ತಿದೆಯಲ್ಲ' ಅಂತ ಬಾಟಲಿ ಖಾಲಿಯಾದ ಮೇಲೆ ಬಿಟ್ಟರೆ, ಇರೋ ದೃಷ್ಟಿಯೂ ಕರಗುತ್ತೆ.

ಕಾರ್ನಿಯಾ: ಹೊಲದಲ್ಲಿ ದುಡಿಯೋರ ಕಣ್ಣು

ಕಣ್ಣಿನ ಮುಂದಿರೋ ಗಾಜಿನಂಥ ಪದರವೇ ಕಾರ್ನಿಯಾ. ಕಬ್ಬಿನ ಗರಿ ತಾಗಿದರೆ, ಭತ್ತದ ಹೊಟ್ಟು ಬಿದ್ದರೆ ಇದರ ಮೇಲೆ ಹುಣ್ಣಾಗುತ್ತೆ. ಫಂಗಸ್ ಸೋಂಕು ತಗುಲಿದರೆ ವಾಸಿಯಾಗೋಕೆ ವಾರಗಟ್ಟಲೆ ಬೇಕು. ವಾಸಿಯಾದರೂ ಬಿಳಿ ಕಲೆ ಉಳಿಯಬಹುದು. ಎದೆಹಾಲು, ಸೊಪ್ಪಿನ ರಸ ಹಾಕಬಾರದು. ಮೆಡಿಕಲ್ ಸ್ಟೋರಲ್ಲಿ ಕೇಳಿ ತಂದ ಡ್ರಾಪ್ಸ್ ಇನ್ನೂ ಅಪಾಯ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಫಂಗಸ್ ಹುಣ್ಣು ಮತ್ತಷ್ಟು ಹರಡುತ್ತೆ.

ಕಾರ್ನಿಯಾ ಪೂರ್ತಿ ಹಾಳಾದರೆ ದಾನ ಬಂದ ಕಣ್ಣಿನಿಂದ ಕಸಿ ಮಾಡ್ತಾರೆ. 2021ರ ಅಕ್ಟೋಬರ್‌ನಲ್ಲಿ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ, ಅವರ ಎರಡು ಕಾರ್ನಿಯಾಗಳ ಪದರ ಬಿಡಿಸಿ ನಾಲ್ವರಿಗೆ ಹಾಕಲಾಯಿತು. ಸಾವಾದ 6 ಗಂಟೆಯೊಳಗೆ ಕಣ್ಣು ತೆಗೆಯಬೇಕು. ಐ ಬ್ಯಾಂಕಿನವರು ಬರೋವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನ್ ಆಫ್ ಮಾಡಿರಬೇಕು. ಕನ್ನಡಕ ಹಾಕೋರು, ಶುಗರ್ ಇದ್ದವರು, ಪೊರೆ ತೆಗೆಸಿದವರೂ ದಾನ ಮಾಡಬಹುದು.

ಮಕ್ಕಳ ಕಣ್ಣು

ಮೆಳ್ಳೆಗಣ್ಣು ಅದೃಷ್ಟ ಅಂತ ಬಿಡೋದು ತಪ್ಪು. ವಾರೆಯಾದ ಕಣ್ಣಿನ ನೋಟವನ್ನು ಮೆದುಳು ಬಳಸದೇ ಬಿಟ್ಟರೆ ಆ ಕಣ್ಣು ಸೋಮಾರಿಯಾಗುತ್ತೆ. ಏಳೆಂಟು ವರ್ಷದೊಳಗೆ ಕನ್ನಡಕ, ಪ್ಯಾಚ್ ಶುರು ಮಾಡಿದರೆ ಫಲ ಹೆಚ್ಚು. ಫೋಟೋದಲ್ಲಿ ಮಗುವಿನ ಪಾಪೆ ಬೆಳ್ಳಗೆ ಹೊಳೆದರೆ ತಕ್ಷಣ ತೋರಿಸಬೇಕು, ಅದು ಕಣ್ಣಿನ ಕ್ಯಾನ್ಸರ್ ಇರಲೂಬಹುದು.

34 ವಾರಕ್ಕೆ ಮೊದಲೇ ಹುಟ್ಟಿದ ಅಥವಾ 2 ಕೆಜಿಗಿಂತ ಕಡಿಮೆ ತೂಕದ ಮಗುವಿಗೆ 30 ದಿನದೊಳಗೆ ರೆಟಿನಾ ಪರೀಕ್ಷೆ ಆಗಲೇಬೇಕು. ತೀರಾ ಸಣ್ಣ ಮಕ್ಕಳಿಗೆ ಅದಕ್ಕಿಂತಲೂ ಮೊದಲು. ಇದನ್ನು ನೋಡೋರು ರೆಟಿನಾ ತಜ್ಞರು. ಡಿಸ್ಚಾರ್ಜ್ ದಿನವೇ ಕೇಳಿ ದಿನಾಂಕ ಬರೆಸಿಕೊಳ್ಳಬೇಕು.

ಉಳಿದವರು

ರೆಪ್ಪೆ ಜೋತು ಬೀಳೋದು, ಸದಾ ನೀರು ಸುರಿಯೋದು, ಕಣ್ಣಿನ ಸುತ್ತ ಮೂಳೆ ಮುರಿತ: ಆಕ್ಯುಲೋಪ್ಲಾಸ್ಟಿ ಡಾಕ್ಟರು. ದಿಢೀರ್ ಒಂದು ಎರಡಾಗಿ ಕಂಡರೆ ನ್ಯೂರೋ ಆಫ್ತಾಲ್ಮಾಲಜಿ. ಮತ್ತೆ ಮತ್ತೆ ಕಣ್ಣು ಕೆಂಪಾಗಿ ನೋವು, ಜೊತೆಗೆ ಕೀಲುನೋವು ಇದ್ದರೆ ಯುವಿಯಾ ತಜ್ಞರು.

ಇವಕ್ಕೆ ಒಂದು ದಿನವೂ ಕಾಯಬೇಡಿ

- ಕಣ್ಣ ಮುಂದೆ ಮಿಂಚು, ಕಪ್ಪು ಚುಕ್ಕೆಗಳ ಸುರಿಮಳೆ, ಪರದೆ ಇಳಿದಂತೆ ಕಾಣೋದು: ರೆಟಿನಾ ಕಳಚಿರಬಹುದು.
- ಇದ್ದಕ್ಕಿದ್ದಂತೆ ದೃಷ್ಟಿ ಹೋಗೋದು, ನೋವಿಲ್ಲದಿದ್ದರೂ.
- ಕಣ್ಣು ಕೆಂಪು, ವಿಪರೀತ ತಲೆನೋವು, ವಾಂತಿ: ಕಣ್ಣಿನ ಒತ್ತಡ ಏರಿರಬಹುದು.
- ಎಲೆಅಡಿಕೆ ಸುಣ್ಣ, ಔಷಧಿ ಸಿಂಪಡಣೆಯ ನೀರು ಬಿದ್ದರೆ: ಮೊದಲು 15-20 ನಿಮಿಷ ಚೆನ್ನಾದ ನೀರಲ್ಲಿ ತೊಳೆದು, ಆಮೇಲೆ ಆಸ್ಪತ್ರೆಗೆ.

ಹೋಗೋ ಮುನ್ನ

ಜಿಲ್ಲಾ ಕೇಂದ್ರಗಳ ಖಾಸಗಿ ಆಸ್ಪತ್ರೆಗಳಲ್ಲಿ ಕೆಲವು ತಜ್ಞರು ವಾರದಲ್ಲಿ ಒಂದೆರಡು ದಿನ ಮಾತ್ರ ಬರ್ತಾರೆ. ಫೋನ್ ಮಾಡಿ ದಿನ ಕೇಳಿಕೊಂಡೇ ಹೊರಡಿ. ಶುಗರ್, ಬಿಪಿ ರಿಪೋರ್ಟ್, ಹಳೇ ಕನ್ನಡಕ, ಈಗ ಹಾಕ್ತಿರೋ ಡ್ರಾಪ್ಸ್ ಬಾಟಲಿ ಎಲ್ಲಾ ಜೊತೆಗಿರಲಿ. ಪಾಪೆ ಅಗಲ ಮಾಡಿಸಿದ ಮೇಲೆ ಕೆಲವು ಗಂಟೆ ಹತ್ತಿರದ್ದು ಮಂಜಾಗಿರುತ್ತೆ, ಹಾಗಾಗಿ ಬೈಕ್ ಓಡಿಸಿಕೊಂಡು ಒಬ್ಬರೇ ಹೋಗಬೇಡಿ.

ಖಾಸಗಿ ಖರ್ಚು ಆಗಲ್ಲ ಅನ್ನೋರಿಗೆ ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ, ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆ ಇವೆ. ಎಲ್ಲಿಗೆ ಹೋದರೂ ಸರಿ, ಮಂಜಾಗಿದ್ದು ಪೊರೆಯಿಂದಲೇ ಅಂತ ಮನೆಯಲ್ಲೇ ತೀರ್ಮಾನ ಮಾಡಿ ಕೂರಬೇಡಿ. ಅದನ್ನು ಡಾಕ್ಟರು ನೋಡಿ ಹೇಳಲಿ.