ಕರೆಂಟ್ ಸಂಘದ ಬುಕ್ಕಿನಾಗ ನಿಮ್ಮ ಹೆಸರು ಐತೇನ್ರಿ?

ಗೋಕಾಕದಾಗಿನ ಬೀಗರ ಮನಿಗೆ ಹೋದಾಗ ಅವರ ಕರೆಂಟ್ ಬಿಲ್ಲು ನೋಡ್ರಿ, ಹೆಸ್ಕಾಂ ಅಂತ ಬರದಿರತೈತಿ. ನಮ್ಮ ಯಮಕನಮರಡಿ ಮನಿಗಳಿಗೆ ಬರೂದು ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ಬಿಲ್ಲು. ಕರ್ನಾಟಕದಾಗ ಊರೂರಿಗೆ ಕರೆಂಟ್ ಹಂಚೂವು ಐದು ಸರಕಾರಿ ಕಂಪನಿ ಅದಾವ. ಅವುಗಳ ಸಾಲಿನಾಗ ಕೂಡೂ ಸಹಕಾರಿ ಸಂಘ ಅಂದ್ರ ನಮ್ಮ ತಾಲೂಕಿಂದ ಒಂದ. ಸೊಸಿಯಾಗಿ ಬಂದ ಹೊಸಾ ಹುಡಿಗ್ಯಾರು “ಇದೇನ್ರಿ ಅತ್ತಿ, ಬಿಲ್ಲು ಬ್ಯಾರೆ ಥರಾ ಐತಿ?” ಅಂತ ಕೇಳತಾರ. ಅದಕ್ಕ ಈ ಸಲ ಅದರ ಕತಿ.

ಕಬ್ಬಿಣದ ಕಂಬ, ತಾಮ್ರದ ತಂತಿ ಅಂದ್ರ ರೊಕ್ಕದ ಕೆಲಸ. 1935ರ ಸುಮಾರು ಅಮೇರಿಕಾದಾಗ ಸುದ್ದಾ ಹತ್ತು ಒಕ್ಕಲು ಮನಿಗಳೊಳಗ ಒಂಬತ್ತು ಮನಿಗೆ ಕರೆಂಟ್ ಇದ್ದಿಲ್ಲ. ಮೈಲಿಗಟ್ಟಲೆ ತಂತಿ ಎಳದು ನಾಕು ಮನಿಗೆ ದೀಪಾ ಕೊಟ್ರ ಏನು ಲಾಭ ಅಂತ ಪ್ಯಾಟಿ ಕಂಪನಿಯವರು ಹಳ್ಳಿ ಕಡೆ ಹೊಳ್ಳಿ ನೋಡಲಿಲ್ಲ. ಆಗ ಅಲ್ಲಿನ ಸರಕಾರ ಸಾಲಾ ಕೊಟ್ಟಿತು, ರೈತರು ತಾವ ಸಂಘಾ ಕಟ್ಟಿಕೊಂಡು ತಂತಿ ಎಳಕೊಂಡ್ರು.

ನಮ್ಮ ದೇಶದಾಗ 1969ರ ಜುಲೈದಾಗ ಗ್ರಾಮೀಣ ವಿದ್ಯುದೀಕರಣ ನಿಗಮ ಹುಟ್ಟಿತು. ಅಮೇರಿಕಾದ ಪದ್ಧತಿ ನಮ್ಮಲ್ಲಿ ನಡದೀತೇನು ಅಂತ ಪರೀಕ್ಷಾ ಮಾಡಾಕ ಐದು ಕಡೆ ಸಂಘಾ ಮಾಡಿದ್ರು: ಗುಜರಾತದ ಕೊಡಿನಾರ, ಮಹಾರಾಷ್ಟ್ರದ ಮುಳಾ-ಪ್ರವರಾ, ಉತ್ತರ ಪ್ರದೇಶದ ಲಖನೌ, ಆಗಿನ ಆಂಧ್ರದ ಸಿರಿಸಿಲ್ಲಾ, ಮತ್ತ ನಮ್ಮ ಹುಕ್ಕೇರಿ. ನಮ್ಮ ಸಂಘ ನೋಂದಣಿ ಆದದ್ದೂ 1969ರಾಗ.

ನಮ್ಮ ಸೀಮಿಗೆ ಸಹಕಾರ ಹೊಸದಲ್ಲ. ಗದಗ ಹತ್ತಿರದ ಕಣಗಿನಹಾಳದಾಗ 1905ರಾಗ ಸಹಕಾರಿ ಸಂಘ ಎದ್ದಿತ್ತು. ಸಂಕೇಶ್ವರದಾಗ ಹಿರಣ್ಯಕೇಶಿ ಸಹಕಾರಿ ಸಕ್ಕರಿ ಕಾರ್ಖಾನಿ ಇತ್ತು. ಆ ಕಾರ್ಖಾನಿ ಕಟ್ಟಿದ ಅಪ್ಪಣಗೌಡ ಪಾಟೀಲರನ್ನ ಕರೆಂಟ್ ಸಂಘ ಕಟ್ಟಿದವರು ಅಂತನೂ ಮಂದಿ ನೆನಸ್ತಾರ.

ಕರೆಂಟ್ ಬಂದದ್ದರ ಲೆಕ್ಕಾ ಗಂಡಸರು ಬಾಂವಿ ಪಂಪಿನಿಂದ ಹಾಕ್ತಾರ, ಇಷ್ಟು ಎಕರೆ ಕಬ್ಬು ನೀರುಂಡಿತು ಅಂತ. ನಮ್ಮ ಲೆಕ್ಕಾ ಬ್ಯಾರೆ. ದಿನಾ ಸಂಜಿಮುಂದ ಕಂದೀಲಿನ ಗಾಜಿಗೆ ಬೂದಿ ಹಚ್ಚಿ ತಿಕ್ಕೂದು ತಪ್ಪಿತು. ಚಿಮಣಿ ಹೊಗಿಯಿಂದ ಕಪ್ಪಾಗೂ ಅಡಗಿಮನಿ ಗ್ವಾಡಿ ಬೆಳ್ಳಗ ಉಳೀತು. ಜ್ವಾಳದ ಬುಟ್ಟಿ ಗಿರಣಿಗೆ ಹೋಗಿ ಬೀಸುಕಲ್ಲು ಮೂಲಿಗೆ ಸರೀತು. ಹಿಂಗ ನೋಡಿದ್ರ ಈ ಸಂಘದ ಕೆಲಸ ಹೆಚ್ಚಿಗಿ ಕಂಡವರು ಹೆಣ್ಮಕ್ಕಳ.

ಕಂಪನಿಗೂ ಸಂಘಕ್ಕೂ ಫರಕು ಏನು? ಕಂಪನಿಗೆ ನಾವು ಬರೇ ಗಿರಾಕಿ. ಸಂಘದಾಗ ಶೇರು ತಗೊಂಡು ಸದಸ್ಯರಾದವರು ಮಾಲೀಕರು. ಬಾಕಿ ಊರಿನ ಹಂಗ ನಮ್ಮ ಸಂಘದ ದರಾನೂ ಬೆಂಗಳೂರಿನ ವಿದ್ಯುತ್ ನಿಯಂತ್ರಣ ಆಯೋಗನ ಗೊತ್ತು ಮಾಡತೈತಿ, ಅದು ನಮ್ಮ ಕೈಯಾಗಿಲ್ಲ. ಆದ್ರ ಸಂಘಾ ನಡಸೂ ಆಡಳಿತ ಮಂಡಳಿ ಯಾರು, ರೊಕ್ಕ ಎಲ್ಲಿ ಖರ್ಚು ಮಾಡಬೇಕು, ಸುಟ್ಟ ಟಿ.ಸಿ. ಎಷ್ಟು ದಿನದಾಗ ಬದಲಿ ಆಗಬೇಕು ಅಂತ ಕೇಳೂ ಹಕ್ಕು ಸದಸ್ಯರದು. ಓಟು ಒಬ್ಬರಿಗೆ ಒಂದ. ನೂರು ಎಕರೆ ಕಬ್ಬಿನವಗೂ ಒಂದ, ಎರಡು ಬಲ್ಬಿನ ಮನಿಯಾಕಿಗೂ ಒಂದ.

ಇಂಥಾ ಸಂಘ ತಾನಾಗಿ ಉಳಿಯೂದಿಲ್ಲ. ಮುಳಾ-ಪ್ರವರಾದ ಲೈಸೆನ್ಸ್ 2011ರಾಗ ಹೋತು, ಆ ಊರುಗಳು ಮಹಾರಾಷ್ಟ್ರದ ಸರಕಾರಿ ಕಂಪನಿಗೆ ಸೇರಿದವು. ಐದರೊಳಗ ಇವತ್ತಿಗೂ ಕರೆಂಟ್ ಹಂಚೂವು ನೇಕಾರರ ಊರು ಸಿರಿಸಿಲ್ಲಾ, ಮತ್ತ ನಮ್ಮ ಹುಕ್ಕೇರಿ, ಎರಡ.

ಈಗ ಮುಖ್ಯ ಮಾತಿಗೆ ಬರತೇನಿ. ಪಂಚಾಯತಿ ಓಟಿಗೆ ಹದಿನೆಂಟು ತುಂಬಿ ಪಟ್ಟಿಯೊಳಗ ಹೆಸರಿದ್ರ ಸಾಕು, ಮನಿಯಾಗ ಐದು ಮಂದಿ ಇದ್ರ ಐದು ಓಟು. 1983ರ ಕಾಯ್ದೆ ಪ್ರಕಾರ 1987ರಾಗ ಚುನಾವಣೆ ಆದಾಗ ಹೆಣ್ಮಕ್ಕಳಿಗೆ ನೂರಕ್ಕ 25 ಸ್ಥಾನ ಬಂದವು, ಈಗ ಅರ್ಧಾ ನಮ್ಮವ. ಸಹಕಾರಿ ಕಾಯ್ದೆಯೊಳಗೂ ಆಡಳಿತ ಮಂಡಳಿಯಾಗ ಎರಡು ಸ್ಥಾನ ಹೆಣ್ಮಕ್ಕಳಿಗೆ ಮೀಸಲು. ಆದ್ರ ಸಂಘದಾಗ ಓಟು ಇರೂದು ಸದಸ್ಯರ ಬುಕ್ಕಿನಾಗ ಹೆಸರಿದ್ದವರಿಗೆ ಅಷ್ಟ. ನಮ್ಮ ಮನಿಗಳೊಳಗ ಆ ಹೆಸರು ಯಾರದು? ಮಾವನವರದು, ಇಲ್ಲಾ ಗಂಡಂದು. ಎಷ್ಟೋ ಕಡೆ ಅವರು ತೀರಿಕೊಂಡು ವರ್ಷಗಟ್ಟಲೆ ಆಗಿರತೈತಿ, ಬಿಲ್ಲು ಮಾತ್ರ ಅವರ ಹೆಸರಿಲೆನ ಬರತಿರತೈತಿ. ತುಂಬಾಕಿ ಸೊಸಿ, ಓಟು ಯಾರಿಗೂ ಇಲ್ಲ.

ಹೆಸರಿಲ್ಲದ ಓಟು ಕಳಕೊಂಡ ಕತಿ ನಮ್ಮ ದೇಶಕ್ಕ ಗೊತ್ತಿದ್ದದ್ದ. 1951-52ರ ಮೊದಲನೇ ಚುನಾವಣೆಗೆ ಪಟ್ಟಿ ಮಾಡೂ ಮುಂದ ಉತ್ತರದ ರಾಜ್ಯಗಳೊಳಗ ಲಕ್ಷಗಟ್ಟಲೆ ಹೆಣ್ಮಕ್ಕಳು ತಮ್ಮ ಹೆಸರು ಹೇಳಲಿಲ್ಲ, ಇಂಥವರ ಹೆಂಡತಿ, ಇಂಥವರ ಅವ್ವ ಅಂತ ಬರಸಿದ್ರು. ಚುನಾವಣಾ ಆಯುಕ್ತರಾಗಿದ್ದ ಸುಕುಮಾರ ಸೇನರು ಸ್ವಂತ ಹೆಸರಿಲ್ಲದ ಪಟ್ಟಿ ನಡಿಯೂದಿಲ್ಲ ಅಂದ್ರು. ಸುಮಾರು 28 ಲಕ್ಷ ಹೆಣ್ಮಕ್ಕಳು ಪಟ್ಟಿಯಿಂದ ಹೊರಗ ಉಳದ್ರು. ಮುಂದ ಅದು ಸುಧಾರಿಸಿತು, ಯಾಕಂದ್ರ ಹೆಸರು ಬರಸಿದ್ರು.

ಅದಕ್ಕ ವೈನಿ, ಅಕ್ಕಾರ, ಕಾಕು, ಎಲ್ಲಾರೂ ಇಷ್ಟು ಮಾಡ್ರಿ. ಬಿಲ್ಲಿನ ಹೆಸರು ಒಂದು, ಸದಸ್ಯತ್ವ ಒಂದು, ಎರಡನ್ನೂ ಬ್ಯಾರೆ ಬ್ಯಾರೆ ಕೇಳ್ರಿ. ತೀರಿಕೊಂಡವರ ಹೆಸರಿದ್ರ ಮರಣದ ದಾಖಲೆ, ವಾರಸಾ ಕಾಗದ ಒಯ್ದು ವರ್ಗಾವಣೆಗೆ ಅರ್ಜಿ ಕೊಡ್ರಿ. ಸದಸ್ಯರಿದ್ರ ಬಾಕಿ ಉಳಿಸಬ್ಯಾಡ್ರಿ, ಮಹಾಸಭೆಗೆ ಹೋಗಿ ಸಹಿ ಮಾಡ್ರಿ. ಬಾಕಿ ಇದ್ದವರಿಗೆ, ಸಭೆಗೆ ಬರಲಾರದವರಿಗೆ ಓಟು ತಪ್ಪೂ ಸಂಭವ ಐತಿ. ಗಂಡಸರು “ನಿಮಗ್ಯಾಕ ಬೇಕದು?” ಅಂದ್ರ, ಕರೆಂಟ್ ಹೋದಾಗ ಒಲಿ ಮುಂದ ಕತ್ತಲಾಗ ಕೂಡಾಕಿ ಯಾರು ಅಂತ ಒಂದ ಮಾತು ಕೇಳ್ರಿ. ಸಾಕು.